ಬಟ್ಟಿ ಗೋಪುರದ ಲೆಕ್ಕ ರೈತನೂ ಕೇಳಲಿ

ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯ ಕನ್ನಡ ರೈತನಿಗೆ ಸಕ್ಕರೆ ಕಾರಖಾನೆ ಹೊಸದಲ್ಲ. ಈಗ ಅದರ ಮಗ್ಗುಲಿಗೆ ಎಥೆನಾಲ್ ಬಟ್ಟಿ ಇಳಿಸುವ ಗೋಪುರಗಳ ಭರಾಟೆ. ಪೆಟ್ರೋಲಿಗೆ ಎಥೆನಾಲ್ ಬೆರಕೆ 2022ರಲ್ಲಿ ಶೇ. 10 ಮುಟ್ಟಿತು, 2025ರಲ್ಲಿ ಶೇ. 20. ಊರ ಕಟ್ಟೆಯ ಮೇಲೆ ಎರಡೇ ಮಾತು: ‘ಕಬ್ಬಿನ ಬಿಲ್ಲು ಲಗೂ ಬರತೈತಿ’ ಎಂಬುದೊಂದು, ‘ಬಾವಿ ನೀರು ಕೆಡತೈತಿ’ ಎಂಬುದು ಇನ್ನೊಂದು. ಎರಡೂ ಸುಳ್ಳಲ್ಲ. ಆದರೆ ಗೋಪುರವನ್ನು ಹೇಗೆ ಕಟ್ಟಿದ್ದಾರೆ ಎಂದು ಯಾರೂ ಕೇಳುವುದಿಲ್ಲ. ಕೇಳಲೇಬೇಕು ಎಂಬುದು ನನ್ನ ವಾದ.

ಒಳಗಿನ ಕೆಲಸ ಸರಳ. ಕಾಕಂಬಿ ಹುಳಿಸಿದ ರಸದಲ್ಲಿ ಮದ್ಯಸಾರ ನೂರಕ್ಕೆ ಎಂಟು–ಹತ್ತು ಪಾಲು; ಉಳಿದದ್ದು ಹೆಚ್ಚುಕಮ್ಮಿ ನೀರೇ. ಮದ್ಯಸಾರ 78 ಡಿಗ್ರಿಗೆ ಕುದಿಯುತ್ತದೆ, ನೀರು 100ಕ್ಕೆ. ಗೋಪುರದ ಒಳಗೆ ಒಂದರ ಮೇಲೊಂದು ತಟ್ಟೆಗಳು. ಆವಿ ಏರುತ್ತದೆ, ದ್ರವ ಇಳಿಯುತ್ತದೆ. ಪ್ರತಿ ತಟ್ಟೆಯಲ್ಲೂ ಆವಿ ಇನ್ನಷ್ಟು ಗಟ್ಟಿಯಾಗುತ್ತದೆ. ತುದಿಯಲ್ಲಿ ತಣಿದ ಸ್ಪಿರಿಟ್‌ನ ಒಂದು ಪಾಲನ್ನು ಮರಳಿ ಕೆಳಗೆ ಬಿಡಬೇಕು. ತಟ್ಟೆ ಕಡಿಮೆಯಿದ್ದರೆ ಮರಳಿಸುವ ಪಾಲು ಹೆಚ್ಚು. ಅದನ್ನು ಮತ್ತೆ ಕುದಿಸಲು ಹಬೆಯೂ ಹೆಚ್ಚು. ತಟ್ಟೆ ಹೆಚ್ಚಿಸಿದರೆ ಖರ್ಚು ಒಂದು ಸಲ, ಉಳಿತಾಯ ಪ್ರತಿ ಹಂಗಾಮಿಗೆ. ಈ ತೂಕವನ್ನು ನಕ್ಷೆ ಹಾಕಿ ನೋಡುವ ವಿಧಾನವನ್ನು ಮೆಕೇಬ್ ಮತ್ತು ಥೀಲಿ 1925ರಲ್ಲೇ ತೋರಿಸಿಕೊಟ್ಟರು.

ತೂಕದಲ್ಲಿ ಶೇ. 95.6ಕ್ಕೆ ಬಂದಮೇಲೆ ಸಾದಾ ಗೋಪುರ ಎಷ್ಟೇ ಎತ್ತರಿಸಿದರೂ ಉಪಯೋಗವಿಲ್ಲ. ದ್ರವ, ಆವಿ ಎರಡರ ಪಾಕವೂ ಒಂದೇ ಆಗಿಬಿಡುತ್ತದೆ. ಉಳಿದ ನೀರನ್ನು ಹೀರಲು ಜಿಯೋಲೈಟ್ ಹರಳು ಬೇಕು. ಆದ್ದರಿಂದ ಜಾಣತನ ಎತ್ತರದಲ್ಲಿಲ್ಲ, ಶಾಖದ ಮರುಬಳಕೆಯಲ್ಲಿದೆ. ಹೆಚ್ಚು ಒತ್ತಡದ ಗೋಪುರದ ಆವಿಯಿಂದಲೇ ನಿರ್ವಾತದಲ್ಲಿರುವ ಇನ್ನೊಂದನ್ನು ಕುದಿಸಬಹುದು. ಹಾಗೆ ಉಳಿದ ಹಬೆ ಎಂದರೆ ಉಳಿದ ಕಬ್ಬಿನ ಸಿಪ್ಪೆ; ಉಳಿದ ಸಿಪ್ಪೆ ಎಂದರೆ ಮಾರಬಹುದಾದ ಕರೆಂಟು. ಅದು ರೈತನ ರೊಕ್ಕವೂ ಹೌದು.

ಇನ್ನು ಬಾವಿಯ ಮಾತು. ಕಾಕಂಬಿಯಿಂದ ಒಂದು ಲೀಟರ್ ಸ್ಪಿರಿಟ್ ತೆಗೆದರೆ 8ರಿಂದ 15 ಲೀಟರ್ ಕಂದು ಕೊಳೆನೀರು ಉಳಿಯುತ್ತದೆ. ಹಬೆಯನ್ನು ನೇರ ರಸಕ್ಕೇ ಊದಿದರೆ ಅದೂ ನೀರಾಗಿ ಈ ರಾಶಿಗೆ ಸೇರುತ್ತದೆ. ಕೊಳವೆಯ ಆಚೆಯಿಂದ ಕಾಯಿಸಿದರೆ ಸೇರುವುದಿಲ್ಲ. ಗೋಪುರ ಎಷ್ಟೇ ಚಲೋ ಇರಲಿ, ಕೊಳೆ ಮಾಯವಾಗದು ನಿಜ. ಆದರೆ ಹೊರಗೆ ಒಂದು ಹನಿ ಬಿಡಬಾರದೆಂಬ ನಿಯಮ ಪಾಲಿಸಲು ಆ ನೀರನ್ನೆಲ್ಲ ಇಂಗಿಸಬೇಕು. ರಾಶಿ ದೊಡ್ಡದಾದಷ್ಟೂ ಇಂಗಿಸುವ ಖರ್ಚು ಹೆಚ್ಚು. ಖರ್ಚು ಹೆಚ್ಚಿದಷ್ಟೂ ರಾತ್ರಿ ಹಳ್ಳಕ್ಕೆ ಬಿಡುವ ಆಸೆಯೂ ಹೆಚ್ಚು.

ಕೇಳುವ ಜಾಗ ನಮಗಿದೆ. ಸಹಕಾರಿ ಕಾರಖಾನೆಯಲ್ಲಿ ರೈತನೇ ಷೇರುದಾರ. ವಾರ್ಷಿಕ ಸಭೆಯಲ್ಲಿ ಬರೀ ದರದ ಮಾತಾಡಿ ಎದ್ದು ಬರುವುದು ಸಾಕು. ಲೀಟರಿಗೆ ಹಬೆ ಎಷ್ಟು, ಕೊಳೆನೀರು ಎಷ್ಟು ಎಂಬ ಎರಡು ಅಂಕಿ ಕೇಳಿ. ಸಾರ್ವಜನಿಕ ಅಹವಾಲು ನಡೆಯುವ ಕಡೆ ಇನ್ನೊಂದು ಬೇಡಿಕೆಯೂ ಇರಲಿ. 2006ರ ಪರಿಸರ ಅಧಿಸೂಚನೆ ವರದಿಯ ಸಾರಾಂಶಕ್ಕೆ ಇಂಗ್ಲಿಷಿನ ಜತೆ ರಾಜ್ಯದ ಅಧಿಕೃತ ಭಾಷೆ ಅಥವಾ ಸ್ಥಳೀಯ ಭಾಷೆ ಎನ್ನುತ್ತದೆ. ಅಕ್ಕಲಕೋಟೆ, ಜತ್ತ ತಾಲ್ಲೂಕಿನ ಎಷ್ಟೋ ಹಳ್ಳಿಗಳ ಸ್ಥಳೀಯ ಭಾಷೆ ಕನ್ನಡವೇ ಅಲ್ಲವೇ? ಮರಾಠಿಯ ಜತೆ ಕನ್ನಡದಲ್ಲೂ ಕೊಡಿರೆಂದರೆ ಅದು ಭಾಷೆಯ ಜಗಳವಲ್ಲ. ತನ್ನ ಬಾವಿಯ ಪಕ್ಕ ಏನು ಕುದಿಯುತ್ತದೆಂದು ತಿಳಿಯುವುದು ರೈತನ ಹಕ್ಕು.