ವಸಂತದ ಗೈರುಹಾಜರಿ

ನಮ್ಮ ಶಾಲೆಗಳಿಗೂ ಕಚೇರಿಗಳಿಗೂ ಪ್ರಕೃತಿಯ ನೆನಪಾಗುವುದು ವರ್ಷಕ್ಕೆ ಎರಡು ಬಾರಿ. ಜೂನ್ 5ರಂದು ವಿಶ್ವ ಪರಿಸರ ದಿನ, ಜುಲೈ ಮೊದಲ ವಾರದಲ್ಲಿ ವನಮಹೋತ್ಸವ. ಮೊದಲನೆಯದು 1973ರಿಂದ ಆಚರಣೆಯಲ್ಲಿದೆ. ಎರಡನೆಯದನ್ನು 1950ರಲ್ಲಿ ಅಂದಿನ ಕೇಂದ್ರ ಕೃಷಿ ಸಚಿವರಾಗಿದ್ದ ಕೆ. ಎಂ. ಮುನ್ಷಿಯವರು ಆರಂಭಿಸಿದರು. ಎರಡರ ಉದ್ದೇಶವೂ ಒಳ್ಳೆಯದೇ. ಅದರಲ್ಲಿ ನನ್ನ ತಕರಾರಿಲ್ಲ. ನನ್ನ ತಕರಾರು ಇರುವುದು ಪಂಚಾಂಗದ ಇನ್ನೊಂದು ಪುಟದ ಬಗ್ಗೆ. ಮರಗಳು ಎಲೆ ಉದುರಿಸಿ, ಹೂ ತಳೆದು, ಚಿಗುರಿ, ಕಾಯಿ ಕಟ್ಟುವ ಫಾಲ್ಗುಣ, ಚೈತ್ರ, ವೈಶಾಖಗಳಲ್ಲಿ ನಮ್ಮ ಊರುಗಳಲ್ಲಿ ಜನರನ್ನು ಪ್ರಕೃತಿಯ ಬಳಿಗೆ ಕರೆದೊಯ್ಯುವ ಕಾರ್ಯಕ್ರಮಗಳು ಎಷ್ಟು ನಡೆಯುತ್ತವೆ? ಓದುಗ ಮಿತ್ರರು ತಮ್ಮ ತಮ್ಮ ಊರಿನ ಲೆಕ್ಕವನ್ನು ತಾವೇ ಹಾಕಿ ನೋಡಬೇಕು. ವಸಂತನು ಪ್ರತಿವರ್ಷವೂ ತಪ್ಪದೆ ಬರುತ್ತಾನೆ. ಗೈರುಹಾಜರಾಗಿರುವವರು ನಾವು.

ಈ ಮಾತನ್ನು ಅರಸೀಕೆರೆ, ಬೇಲೂರು, ಹಳೇಬೀಡುಗಳ ಸೀಮೆಯನ್ನು ಮುಂದಿಟ್ಟುಕೊಂಡೇ ಹೇಳುತ್ತಿದ್ದೇನೆ. ಅರಸೀಕೆರೆಯ ಕಡೆ ತೆಂಗಿನ ತೋಟ, ರಾಗಿಹೊಲ, ಕುರುಚಲು ಕಾಡಿನ ಕಲ್ಲುಗುಡ್ಡ. ಬೇಲೂರಿನ ಪಡುವಣಕ್ಕೆ ಹೋದರೆ ಕಾಫಿ ತೋಟ, ಅರೆಮಲೆನಾಡು. ಬಯಲುಸೀಮೆ ಮಲೆನಾಡಾಗಿ ಮಾರ್ಪಡುವುದನ್ನು ಒಂದೇ ದಿನದ ಪ್ರಯಾಣದಲ್ಲಿ ಕಣ್ಣಾರೆ ಕಾಣಬಹುದಾದ ನೆಲವಿದು. ಮುತ್ತುಗ ಎಲೆಯಿಲ್ಲದ ಕೊಂಬೆಗಳಲ್ಲಿ ಕೆಂಡದಂತೆ ಅರಳುವುದು, ಯುಗಾದಿಯ ಹೊತ್ತಿಗೆ ಬೇವು ಹೂ ಬಿಡುವುದು, ಹೊಂಗೆ ಹೊಸ ಎಲೆ ತೊಡುವುದು, ಬಿಸಿಲೇರಿದ ಮೇಲೆ ಕಕ್ಕೆ ಹಳದಿ ಗೊಂಚಲು ಇಳಿಬಿಡುವುದು, ಒಂದು ಹೂಮಳೆ ಬಿದ್ದ ಕೆಲವೇ ದಿನಗಳಲ್ಲಿ ಕಾಫಿ ತೋಟವೆಲ್ಲ ಬೆಳ್ಳಗಾಗುವುದು, ಇವೆಲ್ಲ ಈ ಕೆಲವೇ ತಿಂಗಳುಗಳ ಪಾಠ. ಬೇರೆ ಕಾಲದಲ್ಲಿ ಈ ಪುಟ ತೆರೆದುಕೊಳ್ಳುವುದಿಲ್ಲ.

ನಾವು ಮಾಡುತ್ತಿರುವುದೇನು? ಮಳೆಗಾಲದಲ್ಲಿ ಗುಂಡಿ ತೋಡಿ, ಗಿಡವಿಟ್ಟು, ಭಾವಚಿತ್ರ ತೆಗೆಸಿಕೊಳ್ಳುವುದು. ನಾನು ಸೇವೆಯಲ್ಲಿದ್ದ ಒಂದು ಶಾಲೆಯಲ್ಲಿ ಒಂದೇ ಗುಂಡಿಗೆ ಮೂರು ವರ್ಷ ಮೂವರು ಗಣ್ಯರು ಗಿಡ ನೆಟ್ಟರು. ವರದಿಯಲ್ಲಿ ಮೂರು ಗಿಡಗಳೂ ಇದ್ದವು, ಅಂಗಳದಲ್ಲಿ ಒಂದೂ ಇರಲಿಲ್ಲ. ಗಿಡ ಸಾಯುವುದು ಜುಲೈನಲ್ಲಲ್ಲ, ಮುಂದಿನ ಮಾರ್ಚಿಯಲ್ಲಿ. ಆಗ ಅದಕ್ಕೊಂದು ಕೊಡ ನೀರು ಹಾಕುವ ಕಾರ್ಯಕ್ರಮ ಯಾವ ಸುತ್ತೋಲೆಯಲ್ಲೂ ಇರುವುದಿಲ್ಲ. ನೆಡುವುದಕ್ಕೆ ಉತ್ಸವ, ಉಳಿಸುವುದಕ್ಕೆ ಮೌನ ಎಂಬಂತಾಗಿದೆ.

ಹಳೇಬೀಡಿನ ಕಥೆ ಇನ್ನೂ ವಿಚಿತ್ರ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಹೆಮ್ಮೆಯ ಸಂಗತಿ. ಹೊಯ್ಸಳೇಶ್ವರನ ಗೋಡೆಯ ಬುಡದಲ್ಲಿ ಆನೆ, ಸಿಂಹ, ಬಳ್ಳಿ, ಕುದುರೆ, ಮಕರ, ಹಂಸಗಳ ಸಾಲುಗಳಿವೆ. ಕಲ್ಲಿನ ಹಂಸವನ್ನು ಬೆರಳಿಟ್ಟು ತೋರಿಸುತ್ತಾರೆ, ಪ್ರವಾಸಿಗಳು ಬಾಗಿ ನೋಡುತ್ತಾರೆ. ಪಕ್ಕದಲ್ಲೇ ಇರುವ ದ್ವಾರಸಮುದ್ರದ ಕೆರೆಯ ಮೇಲೆ ಜೀವಂತ ಹಕ್ಕಿಗಳು ಹಾರಾಡುತ್ತಿದ್ದರೆ ತಲೆಯೆತ್ತಿ ನೋಡುವವರು ಎಷ್ಟು ಮಂದಿ? ರಾಜಧಾನಿಯ ಹೆಸರಿನಲ್ಲೇ ‘ಸಮುದ್ರ’ವಿತ್ತು. ದೋರಸಮುದ್ರವೆಂದರೆ ಕೆರೆಯ ಊರು. ಅರಸೀಕೆರೆಯೂ ಹೆಸರಿನಲ್ಲೇ ಕೆರೆಯನ್ನು ಹೊತ್ತಿದೆ. ಬೇಲೂರಿನಲ್ಲಿ ವಿಷ್ಣುಸಮುದ್ರವಿದೆ. ಹೊಯ್ಸಳರು ಬಿಟ್ಟುಹೋದ ಆಸ್ತಿಯಲ್ಲಿ ಅರ್ಧ ಕಲ್ಲು, ಇನ್ನರ್ಧ ನೀರು. ನಾವು ಮೊದಲರ್ಧಕ್ಕೆ ಬೇಲಿ ಹಾಕಿ ಟಿಕೆಟ್ಟು ಕೊಟ್ಟೆವು, ಉಳಿದರ್ಧವನ್ನು ಮರೆತೆವು. ಬೇಲೂರಿನ ಶುಕಭಾಷಿಣಿಯನ್ನು ಕಡೆದ ಶಿಲ್ಪಿಯು ಗಿಳಿಯನ್ನು ಚೆನ್ನಾಗಿ ನೋಡಿದ್ದವನಾಗಿರಬೇಕು. ಗಿಳಿಯನ್ನೇ ಗಮನಿಸದ ಕಣ್ಣಿಗೆ ಶುಕಭಾಷಿಣಿಯ ಸೊಬಗು ಎಷ್ಟು ದಕ್ಕೀತು?

ಇದು ಬರೀ ಸೌಂದರ್ಯದ ಮಾತಾಗಿದ್ದರೆ ಇಷ್ಟು ಕಟುವಾಗಿ ಬರೆಯುತ್ತಿರಲಿಲ್ಲ. ಅರಸೀಕೆರೆ ತಾಲ್ಲೂಕಿನ ಗುಡ್ಡಗಾಡಿನ ಒಂದು ಭಾಗವನ್ನು ಸರ್ಕಾರ ಕೆಲವು ವರ್ಷಗಳ ಹಿಂದೆ ಕರಡಿಧಾಮವೆಂದು ಘೋಷಿಸಿದೆ. 1994ರಲ್ಲಿ ದರೋಜಿ ಕರಡಿಧಾಮವಾದಂತೆ ಇದೂ ಆಯಿತು. ಕರಡಿಯು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ. ಗೆದ್ದಲು, ಇರುವೆ, ಜೇನು, ಬೋರೆ, ಕಕ್ಕೆಕಾಯಿ ಅದರ ಆಹಾರ. ಮೇಲ್ದವಡೆಯ ನಡುವಿನ ಎರಡು ಹಲ್ಲುಗಳಿಲ್ಲದ ಕಾರಣ ಆ ಸಂದಿನಿಂದ ಗೆದ್ದಲನ್ನು ಹೀರುತ್ತದೆ. ಸಾಮಾನ್ಯವಾಗಿ ಚಳಿಗಾಲದಲ್ಲಿ ಹುಟ್ಟಿದ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಾಯಿಕರಡಿ ಗವಿಯಿಂದ ಹೊರಬರುವುದು ವಸಂತದ ಆಸುಪಾಸಿನಲ್ಲಿ. ದೃಷ್ಟಿ ಮಂದ, ಹತ್ತಿರಕ್ಕೆ ಬರುವವರೆಗೂ ಮನುಷ್ಯನನ್ನು ಗುರುತಿಸದೆ, ಬೆಚ್ಚಿಬಿದ್ದು ಮೇಲೆರಗುತ್ತದೆ. ಮುಂಜಾವಿನಲ್ಲಿ, ಮುಸ್ಸಂಜೆಯಲ್ಲಿ ಒಬ್ಬರೇ ಪೊದೆಗಳ ನಡುವೆ ಹೋಗಬಾರದು, ಹೋಗಲೇಬೇಕಾದರೆ ಗಟ್ಟಿಯಾಗಿ ಮಾತನಾಡುತ್ತಾ ನಡೆಯಬೇಕು ಎಂಬಷ್ಟು ತಿಳಿವಳಿಕೆಯಿದ್ದರೆ ಎಷ್ಟೋ ಅನಾಹುತ ತಪ್ಪುತ್ತದೆ. ಈ ಪಾಠವನ್ನು ದನ ಕಾಯುವ ಹುಡುಗನಿಗೆ, ಸೌದೆಗೆ ಹೋಗುವ ತಾಯಿಗೆ ಯಾವಾಗ ಹೇಳಬೇಕು? ಜುಲೈನ ಸಭೆಯಲ್ಲೋ, ಮರಿಗಳು ಹೊರಬರುವ ಮುನ್ನವೋ? ಗೆಜೆಟ್ಟಿನಲ್ಲಿ ಅಭಯಾರಣ್ಯವಾದ ಮಾತ್ರಕ್ಕೆ ಗುಡ್ಡದ ಬುಡದ ಹಳ್ಳಿಗೆ ಕರಡಿ ನಮ್ಮದೆನಿಸುವುದಿಲ್ಲ. ಅದು ಸರ್ಕಾರದ ಕರಡಿ, ನಮ್ಮ ಕಷ್ಟ ಎಂದೇ ಜನ ತಿಳಿದರೆ ಸೋಲುವುದು ಕರಡಿಯೂ ಹೌದು, ಜನರೂ ಹೌದು.

ಬೆಂಕಿಯ ಮಾತೂ ಹೀಗೆಯೇ. ಬೇಸಗೆಯ ಕಾಳ್ಗಿಚ್ಚಿನಲ್ಲಿ ಬಹುಪಾಲು ಮನುಷ್ಯರ ಕೈಯಿಂದ ಹತ್ತುವುದು. ಹೊಸ ಹುಲ್ಲು ಬರಲೆಂದು ಹಚ್ಚಿದ ಕಡ್ಡಿ, ಆರಿಸದೆ ಎಸೆದ ಬೀಡಿ, ಇಷ್ಟೇ ಸಾಕು. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟುಹೋದದ್ದನ್ನು ನಾಡೆಲ್ಲ ಕಂಡಿದೆ. ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳು, ಆಗತಾನೇ ಮೊಳೆತ ಸಸಿಗಳು, ಆಮೆ, ಹಾವು ಎಲ್ಲವೂ ಆ ಒಂದು ಕಡ್ಡಿಗೆ ಬಲಿ. ಜುಲೈನಲ್ಲಿ ನೆಟ್ಟ ನೂರು ಗಿಡಗಳ ಪುಣ್ಯವನ್ನು ಮಾರ್ಚಿಯ ಒಂದು ಮಧ್ಯಾಹ್ನ ಅಳಿಸಿಹಾಕುತ್ತದೆ.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ನಾನು ಬಲ್ಲೆ. ಒಂದು, ಅದು ಪರೀಕ್ಷೆಯ ಕಾಲ ಎಂಬುದು. ಪರೀಕ್ಷೆಯ ಬಿಸಿ ತಟ್ಟುವುದು ಮುಖ್ಯವಾಗಿ ಮೇಲಿನ ತರಗತಿಗಳಿಗೆ. ಮೇಲಾಗಿ ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ಮಕ್ಕಳಿಗೆ ಬೇಸಗೆ ರಜೆಯೇ ಇದೆ. ಎರಡು, ಬೇಸಗೆಯಲ್ಲಿ ಕಾಡಿಗೆ ಹೋಗುವುದು ಅಪಾಯ ಎಂಬುದು. ಇದು ನಿಜ. 2018ರ ಮಾರ್ಚಿಯಲ್ಲಿ ತಮಿಳುನಾಡಿನ ಕುರಂಗಣಿಯ ಕಾಳ್ಗಿಚ್ಚಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಜೀವ ಕಳೆದುಕೊಂಡರು. ಆದರೆ ಕಾಡಿನೊಳಗೆ ನುಗ್ಗಿರೆಂದು ನಾನು ಹೇಳುತ್ತಿಲ್ಲ. ಕೆರೆಯ ಏರಿ, ಊರ ಗುಂಡುತೋಪು, ರಸ್ತೆಬದಿಯ ಹೊಂಗೆಯ ಸಾಲು, ಅರಳಿಕಟ್ಟೆ, ಇವು ಸಾಲವೇ? ಮೂರು, ಇದೆಲ್ಲ ಪರದೇಶದ ಅನುಕರಣೆ ಎಂಬುದು. ಅಮೆರಿಕದ ರಾಜ್ಯ ಉದ್ಯಾನಗಳಲ್ಲಿ ವಸಂತ ಬಂತೆಂದರೆ ಹೂಗಳನ್ನು ನೋಡುವ ನಡಿಗೆಗಳು ನಡೆಯುತ್ತವೆಂಬುದು ದಿಟ. ಆದರೆ ಹೊಸ ವರ್ಷವನ್ನೇ ಚಿಗುರಿನ ಕಾಲದಲ್ಲಿರಿಸಿ, ಬೇವಿನ ಹೂವನ್ನು ಬೆಲ್ಲದೊಡನೆ ನಾಲಿಗೆಗಿಟ್ಟ ಜನ ನಾವು. ಇದನ್ನು ಯಾರಿಂದಲೂ ಎರವಲು ತರಬೇಕಾಗಿಲ್ಲ.

ಹಣದ, ಅಧಿಕಾರದ ನೆಪವೂ ನಿಲ್ಲದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧವಾಗಬೇಕು. ಆ ದಾಖಲೆ ಬೀರುವಿನಲ್ಲಿದ್ದರೆ ಯಾರಿಗೆ ಪ್ರಯೋಜನ? ಯುಗಾದಿಯ ಮರುವಾರ ಗ್ರಾಮಸಭೆ ಕರೆದು ಅದನ್ನು ಓದಲಿ. ಈ ವರ್ಷ ಯಾವ ಮರ ಯಾವ ದಿನ ಹೂ ಬಿಟ್ಟಿತು, ಯಾವ ಕಟ್ಟೆ ಬತ್ತಿತು ಎಂದು ಊರ ಹಿರಿಯರಿಂದ ಕೇಳಿ ಬರೆಸಲಿ. ಫೆಬ್ರುವರಿಯಲ್ಲಿ, ವಲಸೆ ಹಕ್ಕಿಗಳು ಮರಳುವ ಮುನ್ನ, ದ್ವಾರಸಮುದ್ರದ ಏರಿಯ ಮೇಲೆ ಶಾಲಾಮಕ್ಕಳಿಂದ ಹಕ್ಕಿ ಎಣಿಕೆ ನಡೆಯಲಿ. ಅರಣ್ಯ ಇಲಾಖೆಯ ಚಿಣ್ಣರ ವನದರ್ಶನದ ಮಾದರಿಯಲ್ಲಿ ಕರಡಿಧಾಮದ ಅಂಚಿನ ಹಳ್ಳಿಗಳಲ್ಲಿ ಶಿವರಾತ್ರಿಗೆ ಮೊದಲೇ ಬೆಂಕಿ ಮತ್ತು ಕರಡಿಯ ಪಾಠವಾಗಲಿ. ಚೈತ್ರದಲ್ಲಿ ಬೇಲೂರಿನ ಚೆನ್ನಕೇಶವನ ರಥೋತ್ಸವಕ್ಕೆ ಸಾವಿರಾರು ಜನ ಸೇರುತ್ತಾರೆ. ಅಲ್ಲಿ ಒಂದು ಚಪ್ಪರದಡಿ ಈ ಸೀಮೆಯ ಮರಗಳ ಹೂ, ಬೀಜ, ಎಲೆಗಳನ್ನಿಟ್ಟು ಹೆಸರು ಹೇಳಿಕೊಡುವುದಕ್ಕೆ ಎಷ್ಟು ಖರ್ಚಾದೀತು? ನನ್ನಂಥ ನಿವೃತ್ತ ಮೇಷ್ಟರುಗಳು ಪ್ರತಿ ಊರಲ್ಲೂ ಇದ್ದೇವೆ. ಕರೆದರೆ ಬರುತ್ತೇವೆ, ಸಂಭಾವನೆ ಬೇಡ.

ಪಕ್ಕದ ಮೂಡಿಗೆರೆಯಲ್ಲಿ ಕುಳಿತು ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಸುತ್ತಲಿನ ಹಕ್ಕಿ, ಹುಳ, ಮೀನುಗಳನ್ನೇ ನೋಡಿ ಬರೆದರು. ಒಂದು ತಲೆಮಾರಿನ ಕಣ್ಣು ತೆರೆಯಿತು. ಅವರಿಗೆ ಬೇಕಾದದ್ದು ಬಿಡುವು ಮತ್ತು ಕುತೂಹಲ, ಶಂಕುಸ್ಥಾಪನೆಯ ಕಲ್ಲಲ್ಲ. ಮುಂದಿನ ಮುತ್ತುಗ ಅರಳುವ ಹೊತ್ತಿಗೆ ನಿಮ್ಮ ಊರಿನ ಹತ್ತು ಮಕ್ಕಳನ್ನು ಕರೆದುಕೊಂಡು ಕೆರೆ ಏರಿಗೆ ಹೋಗಿ. ಸುತ್ತೋಲೆ ಬರಲಿ ಎಂದು ಕಾಯಬೇಡಿ. ಅದು ಬರುವುದು ಜೂನ್‌ನಲ್ಲಿ.