ತುಕ್ಕಿನ ತೆಕ್ಕೆಯಿಂದ ಹಳೆಯ ಅಂಬಾಸಿಡರ್

ಸಂಡೂರಿನ ಗುಡ್ಡಗಳ ಮಣ್ಣು ಕೆಂಪಗಿರುವುದಕ್ಕೂ ಹಿತ್ತಿಲಲ್ಲಿ ನಿಂತ ಹಳೆಯ ಮೋಟಾರಿನ ಮಡ್‌ಗಾರ್ಡು ಕೆಂಪಗಾಗಿರುವುದಕ್ಕೂ ಕಾರಣ ಒಂದೇ. ಎರಡೂ ಕಡೆ ಇರುವುದು ಆಮ್ಲಜನಕದೊಡನೆ ಕೂಡಿದ ಕಬ್ಬಿಣ. ಮನುಷ್ಯನು ಕುಲುಮೆಯ ಬೆಂಕಿಯಿಂದ ಆ ಜೋಡಿಯನ್ನು ಬಲವಂತವಾಗಿ ಬೇರ್ಪಡಿಸಿ ಕಬ್ಬಿಣವನ್ನು ಪಡೆಯುತ್ತಾನೆ. ಕಬ್ಬಿಣವಾದರೋ ಕೊಂಚ ನೀರು, ಕೊಂಚ ಗಾಳಿ ಸಿಕ್ಕಿದೊಡನೆ ತವರಿಗೆ ಹೊರಟುನಿಲ್ಲುತ್ತದೆ. ಆ ಮರುಪ್ರಯಾಣಕ್ಕೆ ತುಕ್ಕು ಎಂದು ಹೆಸರು.

ನಮ್ಮ ದೇಶದಲ್ಲಿ ಈ ಪ್ರಯಾಣ ಕೈಗೊಂಡ ಮೋಟಾರುಗಳಲ್ಲಿ ಅಂಬಾಸಿಡರಿನ ಪಾಲು ದೊಡ್ಡದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಮಾಲಿಕೆಯ ಅಚ್ಚಿನಲ್ಲಿ, ಐವತ್ತರ ದಶಕದ ಕೊನೆಯ ವರ್ಷಗಳಲ್ಲಿ ಬಂಗಾಳದ ಉತ್ತರಪಾರಾದಲ್ಲಿ ಹುಟ್ಟಿದ ಈ ಗಾಡಿ, 2014ರಲ್ಲಿ ಕಾರ್ಖಾನೆ ನಿಲ್ಲುವವರೆಗೂ ಮೂಲ ಆಕಾರವನ್ನು ಹೆಚ್ಚೇನೂ ಬದಲಿಸಲಿಲ್ಲ. ಮಂತ್ರಿಗಳ ಮೆರವಣಿಗೆಯಿಂದ ಮದುವೆಯ ದಿಬ್ಬಣದವರೆಗೆ ಅದು ಸಾಗಿಬಂದ ದಾರಿ ದೊಡ್ಡದು. ತಾತನ ಕಾಲದ ಗಾಡಿಯನ್ನು ಗುಜರಿಗೆ ಹಾಕಲು ಮನಸ್ಸೊಪ್ಪದೆ ಮನೆಯಲ್ಲಿಯೇ ಅದನ್ನು ಮೇಲೆತ್ತಲು ಹೊರಡುವ ಉತ್ಸಾಹಿಗಳು ಇಂದು ಊರೂರಿನಲ್ಲಿಯೂ ಕಾಣಸಿಗುತ್ತಾರೆ. ಉತ್ಸಾಹವು ಒಳ್ಳೆಯದೇ, ಆದರೆ ಅದರ ಜೊತೆಗೆ ತಿಳಿವಳಿಕೆಯೂ ಬೇಕು.

ಮೊದಲು ಪರೀಕ್ಷೆ

ಬಹಳ ಮಂದಿ ಕೆಲಸವನ್ನು ಎಂಜಿನಿನಿಂದ ಆರಂಭಿಸುತ್ತಾರೆ. ಅದು ಹೊಗೆಯುಗುಳಿ ಗುಡುಗಿದ ದಿನ ಅರ್ಧ ಕಾರ್ಯ ಮುಗಿಯಿತೆಂದು ಹಿಗ್ಗುತ್ತಾರೆ. ಅಂಬಾಸಿಡರಿನ ಮಟ್ಟಿಗೆ ಇದು ತಿರುಗುಮುರುಗಾದ ಕ್ರಮ. ಹಳೆಯ ಜೀಪು, ಲಾರಿಗಳಂತೆ ಇದಕ್ಕೆ ಬೇರೆಯಾದ ಚಾಸಿ ಇಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಟೊಳ್ಳು ಪಟ್ಟಿಗಳು, ಕಂಬಗಳು, ಛಾವಣಿ ಎಲ್ಲವೂ ಒಂದಕ್ಕೊಂದು ಬೆಸೆದುಕೊಂಡು ಭಾರ ಹೊರುತ್ತವೆ. ಆದುದರಿಂದ ಇಲ್ಲಿ ತುಕ್ಕು ಅಂದವನ್ನು ಕೆಡಿಸುವುದರ ಜೊತೆಗೆ ಗಾಡಿಯ ಬೆನ್ನೆಲುಬನ್ನೇ ತಿನ್ನುತ್ತಿರುತ್ತದೆ.

ಕಾರ್ಪೆಟ್ಟು, ಸೀಟುಗಳನ್ನು ತೆಗೆದು, ನೆಲವನ್ನೂ ಬಾಗಿಲ ಕೆಳಗಿನ ಪಟ್ಟಿಯನ್ನೂ ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಕೂಡುವ ಜಾಗವನ್ನೂ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಬೇಕು. ಗಟ್ಟಿ ತಗಡು ಖಣಖಣಿಸುತ್ತದೆ. ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ. ಮಾರುವವರು ರಂಧ್ರಗಳಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದಿರುವುದುಂಟು. ತೆಳುಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತ ಎಲ್ಲಿ ಅಂಟದೆ ಜಾರುವುದೋ ಅಲ್ಲಿ ತಗಡಿಗಿಂತ ಪುಟ್ಟಿಯೇ ಹೆಚ್ಚು. ಕರಾವಳಿಯಲ್ಲಿ ಬಾಳಿದ ಗಾಡಿಯಾದರೆ ಈ ಪರೀಕ್ಷೆ ಇನ್ನಷ್ಟು ಕಟ್ಟುನಿಟ್ಟಾಗಿರಬೇಕು. ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಸುರಿಯುವ ಮಂಗಳೂರಿನಲ್ಲಿ ಸಮುದ್ರದ ಉಪ್ಪುಗಾಳಿಯೂ ಸೇರಿಕೊಂಡು ತುಕ್ಕಿನ ವೇಗ ಹೆಚ್ಚುತ್ತದೆ. ಕಲಬುರಗಿಯ ಒಣಹವೆಯಲ್ಲಿ ನಿಂತ ಗಾಡಿಗೆ ಅಷ್ಟು ಕಷ್ಟವಿಲ್ಲ.

ತುಕ್ಕಿಗೆ ಮದ್ದು

ಬಿಡಿಸಿ ತೆಗೆಯಬಹುದಾದ ಉಕ್ಕಿನ ಸಣ್ಣ ಭಾಗಗಳಿಗೆ ಅಗ್ಗದ ಉಪಾಯವೊಂದಿದೆ. ಮಂಡ್ಯದ ಸೀಮೆಯವರಿಗೆ ಚಿರಪರಿಚಿತವಾದ ಕಾಕಂಬಿಯ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ, ಭಾಗಗಳನ್ನು ಎರಡು ಮೂರು ವಾರ ಮುಳುಗಿಸಿಟ್ಟರೆ ತುಕ್ಕು ಕರಗಿ ಬೂದುಬಣ್ಣದ ಲೋಹ ಹೊರಬೀಳುತ್ತದೆ. ವಾಸನೆಯನ್ನು ಮಾತ್ರ ಸಹಿಸಿಕೊಳ್ಳಬೇಕು. ಅಲ್ಯೂಮಿನಿಯಮ್ಮಿನ ಭಾಗಗಳನ್ನು ಇದರಲ್ಲಿ ಹಾಕಲಾಗದು, ಅವು ಸವೆದುಹೋಗುತ್ತವೆ.

ಇನ್ನೊಂದು ವಿಧಾನ ವಿದ್ಯುತ್ತಿನದು. ಪ್ಲಾಸ್ಟಿಕ್ ತೊಟ್ಟಿಯ ನೀರಿನಲ್ಲಿ ಬಟ್ಟೆ ಒಗೆಯುವ ಸೋಡಾ ಕರಗಿಸಿ, ಬ್ಯಾಟರಿ ಚಾರ್ಜರಿನ ಋಣ ತಂತಿಯನ್ನು ತುಕ್ಕು ಹಿಡಿದ ಭಾಗಕ್ಕೂ ಧನ ತಂತಿಯನ್ನು ಬೇಡದ ಕಬ್ಬಿಣದ ತುಂಡಿಗೂ ಜೋಡಿಸುತ್ತಾರೆ. ತಂತಿಗಳು ಅದಲುಬದಲಾದರೆ ಉಳಿಸಬೇಕಾದುದೇ ಕರಗೀತು. ಬೇಡದ ತುಂಡೆಂದು ಸ್ಟೇನ್‌ಲೆಸ್ ಸ್ಟೀಲನ್ನು ಬಳಸಿದರೆ ನೀರಿನಲ್ಲಿ ಕ್ರೋಮಿಯಮ್ಮಿನ ವಿಷ ಬೆರೆಯುತ್ತದೆ. ಇದಲ್ಲದೆ ಈ ತೊಟ್ಟಿಯಿಂದ ಜಲಜನಕ ಹೊರಹೊಮ್ಮುವುದರಿಂದ ಕೆಲಸ ಬಯಲಿನಲ್ಲಿಯೇ ನಡೆಯಬೇಕು; ಬೀಡಿ, ಸಿಗರೇಟು ಹತ್ತಿರ ಸುಳಿಯಬಾರದು.

ಕಳಚಲಾಗದ ಜಾಗಗಳಲ್ಲಿ ತಂತಿ ಬ್ರಷ್ಷಿನಿಂದಲೂ ಉಪ್ಪುಕಾಗದದಿಂದಲೂ ಸಡಿಲ ತುಕ್ಕನ್ನು ತೆಗೆದು, ಉಳಿದ ತೆಳುಪದರಕ್ಕೆ ಟ್ಯಾನಿಕ್ ಆಮ್ಲದ ಲೇಪ ಕೊಡುವುದುಂಟು. ಕೆಂಪು ಹೋಗಿ ನೀಲಿಗಪ್ಪು ಮೂಡುತ್ತದೆ. ಇದು ನಮ್ಮವರಿಗೆ ಹೊಸ ವಿದ್ಯೆಯೇನಲ್ಲ. ಅಳಲೆಕಾಯಿಯ ಒಗರಿಗೆ ಅಣ್ಣಭೇದಿಯನ್ನು ಬೆರೆಸಿ ಹಿಂದಿನವರು ಕಾಯಿಸಿಕೊಂಡ ಶಾಯಿಯ ಕಪ್ಪೂ ಇದೇ ಜಾತಿಯದು. ಅಂದು ಕಾಗದದ ಮೇಲೆ ಅಕ್ಷರವಾಗಿ ನಿಂತದ್ದು ಇಂದು ತಗಡಿನ ಮೇಲೆ ಕವಚವಾಗಿ ನಿಲ್ಲುತ್ತದೆ. ಆದರೆ ಬರಿಯ ಕವಚ ಸಾಲದು. ಅದು ಒಣಗಿದ ಮೇಲೆ ತಡಮಾಡದೆ ಪ್ರೈಮರ್ ಬೀಳಬೇಕು. ಮಳೆಗಾಲದ ಒಂದು ರಾತ್ರಿ ಸಾಕು, ಬೆತ್ತಲೆ ಲೋಹ ಮತ್ತೆ ಕೆಂಪಾಗಲು.

ತೂತುಬಿದ್ದ ಕಡೆ ಮದ್ದು ನಾಟುವುದಿಲ್ಲ. ಕೊಳೆತದ್ದನ್ನು ಗಟ್ಟಿ ಲೋಹ ಸಿಗುವವರೆಗೂ ಕತ್ತರಿಸಿ, ಅದೇ ದಪ್ಪದ ಹೊಸ ತಗಡನ್ನು ಅದೇ ಆಕಾರಕ್ಕೆ ಬಗ್ಗಿಸಿ ಬೆಸೆಯಬೇಕು. ಮನೆಯವರ ಆತುರ ಇಲ್ಲಿ ಅಪಾಯ ತರುತ್ತದೆ. ಬಾಗಿಲ ಕೆಳಗಿನ ಎರಡೂ ಪಟ್ಟಿಗಳನ್ನು ಒಮ್ಮೆಗೇ ಕತ್ತರಿಸಿದರೆ ಗಾಡಿ ನಡುವಿನಲ್ಲಿ ಬಾಗಿ, ಬಾಗಿಲುಗಳು ಮತ್ತೆಂದೂ ಸರಿಯಾಗಿ ಮುಚ್ಚಲಾರವು. ಬಾಗಿಲಿನ ಸಂದುಗಳನ್ನು ಅಳೆದು ಬರೆದಿಟ್ಟುಕೊಂಡು, ಬಾಗಿಲ ಚೌಕಟ್ಟಿಗೆ ಅಡ್ಡಪಟ್ಟಿ ಕಟ್ಟಿ, ಒಂದು ಪಕ್ಕ ಮುಗಿದ ಬಳಿಕ ಇನ್ನೊಂದಕ್ಕೆ ಕೈಹಾಕುವುದು ಕ್ರಮ. ಬೆಸುಗೆ ಕೆಲಸಕ್ಕೆ ಅನುಭವಿ ಟಿಂಕರನನ್ನು ಕರೆಯುವುದರಿಂದ ಮಾನಹಾನಿಯೇನೂ ಆಗದು.

ಜೀವದ ಪ್ರಶ್ನೆ

ಜಾಕಿಯೊಂದನ್ನೇ ನಂಬಿ ಗಾಡಿಯ ಕೆಳಗೆ ಮಲಗುವುದು ಮೃತ್ಯುವಿನ ಮಡಿಲಲ್ಲಿ ಮಲಗಿದಂತೆ. ಭದ್ರವಾದ ಸ್ಟ್ಯಾಂಡುಗಳು ಇರಲೇಬೇಕು. ಬರಿದಾದ ಪೆಟ್ರೋಲ್ ಟ್ಯಾಂಕಿಯನ್ನು ಮನೆಯಲ್ಲಿ ಬೆಸೆಯಲು ಹೋಗುವುದು ಅದಕ್ಕಿಂತಲೂ ಭಯಂಕರ. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕಿ ಸಿಡಿಯುವ ಸಂಭವವೇ ಹೆಚ್ಚು. ಹಳೆಯ ಬಣ್ಣದಲ್ಲಿ ಸೀಸವೂ ಹಳೆಯ ಬ್ರೇಕ್ ಲೈನಿಂಗಿನಲ್ಲಿ ಆಸ್‌ಬೆಸ್ಟಾಸೂ ಇರಬಹುದಾದುದರಿಂದ ಧೂಳನ್ನು ಊದಬಾರದು. ಒದ್ದೆ ಮಾಡಿ, ಮೂಗಿಗೆ ತಕ್ಕ ಮುಖವಾಡ ಧರಿಸಿ ಒರೆಸಬೇಕು.

ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಬ್ರೇಕ್ ದ್ರವ ನೀರನ್ನು ಹೀರಿಕೊಂಡು ಸಿಲಿಂಡರುಗಳನ್ನು ಒಳಗಿನಿಂದಲೇ ತುಕ್ಕು ಹಿಡಿಸಿರುತ್ತದೆ. ಇವುಗಳ ರಬ್ಬರುಗಳನ್ನೂ ಹೋಸುಗಳನ್ನೂ ಹೊಸದಾಗಿ ಹಾಕದೆ ಗಾಡಿಯನ್ನು ಅಂಗಳದಿಂದ ಹೊರಗೆ ತೆಗೆಯಕೂಡದು. ಎಂಜಿನ್ ಬಿಗಿದಿದ್ದರೆ ಪ್ಲಗ್ಗುಗಳನ್ನು ಬಿಚ್ಚಿ, ಆ ರಂಧ್ರಗಳಲ್ಲಿ ಡೀಸೆಲ್ ಅಥವಾ ತೆಳುವಾದ ಎಣ್ಣೆ ಸುರಿದು ಕೆಲವು ದಿನ ಬಿಟ್ಟು, ಹ್ಯಾಂಡಲಿನಿಂದ ಮೆಲ್ಲನೆ ಅಲುಗಿಸಿ ನೋಡಬೇಕು. ಬಲಪ್ರಯೋಗದಿಂದ ಮುರಿದ ಪಿಸ್ಟನ್ನು ತಾಳ್ಮೆಯಿಂದ ಸಡಿಲಗೊಳ್ಳಬಹುದಾಗಿತ್ತು. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆ ಗ್ಯಾರೇಜಿಗೂ ಸಲ್ಲುತ್ತದೆ.

ಕಾಗದಪತ್ರ

ಲೋಹದ ಕೆಲಸಕ್ಕಿಂತ ಮುಂಚೆಯೇ ನೋಂದಣಿಯ ಪುಸ್ತಕವನ್ನು ನೋಡುವುದು ಜಾಣತನ. ಚಾಸಿ ಸಂಖ್ಯೆ ಪುಸ್ತಕದೊಡನೆ ಹೊಂದದಿದ್ದರೆ ಎಷ್ಟು ಹೊಳೆದರೂ ಆ ಗಾಡಿ ರಸ್ತೆಗೆ ಬರಲಾರದು. 2021ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನಿಯಮಗಳಂತೆ, ಮೊದಲ ನೋಂದಣಿಯಾಗಿ 50 ವರ್ಷ ಕಳೆದ, ಬಾಡಿಗೆಗೆ ಓಡದ, ಮೂಲರೂಪದಲ್ಲಿಯೇ ಉಳಿದ ವಾಹನಗಳಿಗೆ ‘ವಿಂಟೇಜ್’ ಎಂಬ ಮನ್ನಣೆ ಉಂಟು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಅವಧಿ 10 ವರ್ಷ. ನವೀಕರಣಕ್ಕೆ 5,000 ರೂಪಾಯಿ. ಇಂಥ ಗಾಡಿಗಳು ಪ್ರದರ್ಶನ, ರ್‍ಯಾಲಿ, ದುರಸ್ತಿ, ಪೆಟ್ರೋಲಿನಂಥ ಕಾರಣಗಳಿಗೆ ಹೊರಬರಬಹುದು, ನಿತ್ಯದ ಓಡಾಟಕ್ಕಲ್ಲ. ದೇಹವನ್ನೋ ಎಂಜಿನನ್ನೋ ಮಾರ್ಪಡಿಸಿದರೆ ಈ ಮನ್ನಣೆ ತಪ್ಪುತ್ತದೆ. ಆದುದರಿಂದ ಹಳೆಯ 1489 ಸಿ.ಸಿ. ಎಂಜಿನನ್ನು ಎಸೆದು ಬೇರೊಂದನ್ನು ತುರುಕುವ ಮುನ್ನ ಯೋಚಿಸುವುದು ಲೇಸು. ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳು ಇದ್ದೇ ಇವೆ. ಮೂಲರೂಪ ಹೇಗಿರಬೇಕೆಂದು ಕಣ್ಣಾರೆ ಕಾಣಬಯಸುವವರಿಗೆ ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹ ಒಳ್ಳೆಯ ಪಾಠಶಾಲೆ.

ಬಣ್ಣ ಹೊಳೆದ ದಿನವೇ ಕೆಲಸ ಮುಗಿಯಿತೆಂದು ಭಾವಿಸುವಂತಿಲ್ಲ. ಬಾಗಿಲುಗಳ ಅಡಿಯಲ್ಲಿ ನೀರು ಬಸಿಯಲೆಂದು ಬಿಟ್ಟ ಸಣ್ಣ ರಂಧ್ರಗಳು ಕಟ್ಟಿಕೊಂಡರೆ ಒಳಗೆ ನಿಂತ ನೀರು ಹಳೆಯ ಕಥೆಯನ್ನೇ ಮೊದಲಿನಿಂದ ಹೇಳತೊಡಗುತ್ತದೆ. ವರ್ಷವರ್ಷವೂ ರೋಹಿಣಿ ಮಳೆ ಬೀಳುವ ಮುನ್ನ ಆ ರಂಧ್ರಗಳನ್ನು ಕೆದಕಿ, ಟೊಳ್ಳುಗಳಿಗೆ ಮೇಣದ ಲೇಪ ಸಿಂಪಡಿಸಿದ ಯಜಮಾನನ ಗಾಡಿ ಮೊಮ್ಮಕ್ಕಳ ಕಾಲಕ್ಕೂ ಉಳಿದೀತು.