ಇನ್‌ಸ್ಟಾಲ್ ಆಯ್ತು ಸರಿ, ಸರಿಯಾಗಿ ಆಯ್ತಾ?

‘ಸಕ್ಸಸ್‌ಫುಲಿ ಇನ್‌ಸ್ಟಾಲ್ಡ್’ ಅಂತ ಪರದೆ ಮೇಲೆ ಬಂದ ಕೂಡಲೇ ನಮ್ಮಲ್ಲಿ ಬಹಳಷ್ಟು ಜನ ಕಾಫಿಗೆ ಎದ್ದುಬಿಡ್ತೀವಿ. ಸ್ವಲ್ಪ ಶ್ರದ್ಧೆ ಇರೋರು ಪೈಥಾನ್ ತೆರೆದು ‘ಇಂಪೋರ್ಟ್ ನಮ್‌ಪೈ’ ಅಂತ ಕೊಟ್ಟು, ಎರರ್ ಬರಲಿಲ್ಲ ಅಂದ್ರೆ ನಿಶ್ಚಿಂತರಾಗ್ತಾರೆ. ನನ್ನ ಪ್ರಕಾರ, ಲೆಕ್ಕ ಮಾಡೋ ತಂತ್ರಾಂಶಕ್ಕೆ ಇಷ್ಟು ಸಾಲದು.

ಯಾಕೆ ಅಂತೀರಾ? ಫಾಂಟ್ ಕೈಕೊಟ್ಟರೆ ಕನ್ನಡ ಅಕ್ಷರಗಳ ಜಾಗದಲ್ಲಿ ಡಬ್ಬಿಗಳು ಕಾಣ್ತವೆ, ತಕ್ಷಣ ಗೊತ್ತಾಗುತ್ತೆ. ಆದರೆ ತಪ್ಪು ಸಂಖ್ಯೆ ನೋಡೋಕೆ ಸರಿ ಸಂಖ್ಯೆಯ ಹಾಗೇ ಇರುತ್ತೆ!

ಒಂದು ನಿಜವಾದ ಉದಾಹರಣೆ ನೋಡಿ. ಎನ್‌ಎಂಆರ್ ಲೆಕ್ಕಕ್ಕೆಂದು ಬರೆದ ಕೆಲವು ಪೈಥಾನ್ ಸ್ಕ್ರಿಪ್ಟುಗಳು 2014ರಲ್ಲಿ ‘ನೇಚರ್ ಪ್ರೋಟೋಕಾಲ್ಸ್’ ಪತ್ರಿಕೆಯಲ್ಲಿ ಪ್ರಕಟವಾದವು. ಹವಾಯಿ ವಿಶ್ವವಿದ್ಯಾಲಯದ ಸಂಶೋಧಕರು ಅದೇ ಸ್ಕ್ರಿಪ್ಟಿಗೆ ಅದೇ ದತ್ತಾಂಶ ಕೊಟ್ಟು ಬೇರೆ ಬೇರೆ ಯಂತ್ರಗಳಲ್ಲಿ ಓಡಿಸಿದಾಗ, ವಿಂಡೋಸ್ 10ರಲ್ಲಿ 173.2, ಉಬುಂಟುವಿನಲ್ಲಿ 172.4 ಬಂತು. ಇದನ್ನ ಅವರು 2019ರಲ್ಲಿ ಪ್ರಕಟಿಸಿದರು. ಪೈಥಾನಿನ ‘ಗ್ಲಾಬ್’ ಕೊಡೋ ಫೈಲುಗಳ ಪಟ್ಟಿ ಯಾವ ಕ್ರಮದಲ್ಲಿರುತ್ತೆ ಅನ್ನೋದು ಯಂತ್ರದಿಂದ ಯಂತ್ರಕ್ಕೆ ಬದಲಾಗಬಹುದು. ಸ್ಕ್ರಿಪ್ಟು ಮಾತ್ರ ಅದು ಸರಿಯಾದ ಕ್ರಮದಲ್ಲೇ ಬರುತ್ತೆ ಅಂತ ನಂಬಿತ್ತು.

ಅನ್ನ ಬೆಂದಿದೆಯಾ ಅಂತ ತಿಳಿಯೋಕೆ ಒಂದಗುಳು ಹಿಸುಕಿದರೆ ಸಾಕು ಅಂತಾರೆ ನಮ್ಮ ಹಿರಿಯರು. ಆದರೆ ಇಲ್ಲಿರೋದು ಒಂದೇ ಪಾತ್ರೆ ಅಲ್ಲ. ನಮ್‌ಪೈ ಒಳಗಿನ ಮ್ಯಾಟ್ರಿಕ್ಸ್ ಲೆಕ್ಕಕ್ಕೆ ಓಪನ್‌ಬ್ಲಾಸ್ ಥರದ ಬೇರೆಯದೇ ಲೈಬ್ರರಿ ಇರುತ್ತೆ. ‘ಇಂಪೋರ್ಟ್’ ಅನ್ನೋದು ಒಂದು ಪಾತ್ರೆಯ ಮುಚ್ಚಳ ತೆಗೆದು ನೋಡಿದಷ್ಟೇ :)

ಹಾಗಾದ್ರೆ ಏನು ಮಾಡಬೇಕು? ಮೂರೇ ಕೆಲಸ. ಮೊದಲು, ಲೋಡ್ ಆಗಿರೋದು ನೀವು ಈಗ ಹಾಕಿದ ಆವೃತ್ತಿಯೇನಾ ಅಥವಾ ಇನ್ಯಾವುದೋ ಫೋಲ್ಡರಿನಲ್ಲಿರೋ ಹಳೆಯದಾ ನೋಡಿ. ಎರಡನೆಯದು, ಬರೆದವರೇ ಕೊಟ್ಟಿರೋ ಪರೀಕ್ಷೆಗಳನ್ನ ಓಡಿಸಿ. ಪೈಟೆಸ್ಟ್ ಮತ್ತು ಹೈಪಾಥಿಸಿಸ್ ಹಾಕಿಕೊಂಡರೆ ನಮ್‌ಪೈಗೆ ‘ನಮ್‌ಪೈ ಡಾಟ್ ಟೆಸ್ಟ್’ ಇದೆ. ಎಫ್‌ಎಫ್‌ಟಿಡಬ್ಲ್ಯು, ಗ್ರೋಮ್ಯಾಕ್ಸ್‌ಗಳನ್ನ ನೀವೇ ಬಿಲ್ಡ್ ಮಾಡಿದ್ರೆ ‘ಮೇಕ್ ಚೆಕ್’ ಇದೆ. ‘ಸ್ಕಿಪ್ಡ್’ ಅಂತ ಬಂದರೆ ಗಾಬರಿ ಬೇಡ, ‘ಫೇಲ್ಡ್’ ಅಂತ ಬಂದರೆ ನಿಂತು ಓದಿ. ಮೂರನೆಯದು, ಉತ್ತರ ಮೊದಲೇ ಗೊತ್ತಿರೋ, ನಿಮ್ಮದೇ ಕ್ಷೇತ್ರದ ಒಂದು ಲೆಕ್ಕ ಕೊಟ್ಟು ತಾಳೆ ನೋಡಿ. ಬರೆದವರ ಪರೀಕ್ಷೆಗಳಿಗೆ ನಿಮ್ಮ ದತ್ತಾಂಶ ಎಂಥದ್ದು ಅಂತ ಗೊತ್ತಿರಲ್ಲ. ಹವಾಯಿಯವರಿಗೆ ವ್ಯತ್ಯಾಸ ಕಂಡದ್ದೂ ಹೀಗೆ ತಾಳೆ ನೋಡಿದ್ದರಿಂದಲೇ.

ಡೆಡ್‌ಲೈನ್ ತಲೆ ಮೇಲಿರುವಾಗ ಇದಕ್ಕೆಲ್ಲ ಪುರುಸೊತ್ತೆಲ್ಲಿ ಅಂತೀರೇನೋ. ಒಪ್ಪಿದೆ. ಆದರೆ ನಾವು ಇನ್‌ಸ್ಟಾಲ್ ಮಾಡಿಕೊಟ್ಟದ್ದನ್ನ ನಂಬಿ ಯಾರೋ ಒಬ್ಬ ವಿದ್ಯಾರ್ಥಿ ಮೂರು ವರ್ಷದ ಥೀಸಿಸ್ ಬರೀತಿರ್ತಾನೆ. ಆ ಮೂರು ವರ್ಷದ ಮುಂದೆ ನಮ್ಮ ಅರ್ಧ ಗಂಟೆ ಯಾವ ಲೆಕ್ಕ?

ನೀವು ಏನಂತೀರಾ?